ಕೋಟೆಯ ಗೋಡೆ, ಕಾವಲಿನ ಕೂಗು

ಗೋಡೆ ಎಷ್ಟೇ ಎತ್ತರವಿದ್ದರೂ ಅದು ತಾನಾಗಿ ಊರನ್ನು ಕಾಯಲಾರದು. ಪಾಳೆಯಗಾರರು ಆಳಿದ ಹರಪನಹಳ್ಳಿಯವರಿಗೆ, ಕೂಡ್ಲಿಗಿ ಸೀಮೆಯ ಗುಡೇಕೋಟೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೊತ್ತಲದ ಕಾವಲುಗಾರನ ಕೂಗು ಮುಂದಿನ ಕೊತ್ತಲದವನಿಗೆ ಕೇಳಿಸಿದರೆ ಮಾತ್ರ ಒಳಗಿನವರಿಗೆ ನಿಶ್ಚಿಂತೆಯ ನಿದ್ರೆ. ಕಂಪ್ಯೂಟರ್ ಜಾಲದ ರಕ್ಷಣೆಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ಐದು ತಾಲ್ಲೂಕುಗಳಲ್ಲಿ ಈಗ ಜಾಲದಿಂದ ಹೊರಗುಳಿದ ವ್ಯವಹಾರ ವಿರಳ. 2000ದಲ್ಲಿ ಆರಂಭವಾದ ‘ಭೂಮಿ’ ಯೋಜನೆಯಿಂದ ರೈತನ ಪಹಣಿ ಕಂಪ್ಯೂಟರಿಗೆ ಬಂದಿತು. ಹಡಗಲಿಯ ಮಲ್ಲಿಗೆಯ ಹಣ, ಕೊಟ್ಟೂರಿನ ಅಂಗಡಿಯ ಲೆಕ್ಕ, ಹಗರಿಬೊಮ್ಮನಹಳ್ಳಿಯ ವಿದ್ಯಾರ್ಥಿಯ ಅರ್ಜಿ ಇವೆಲ್ಲಕ್ಕೂ ಅದೇ ದಾರಿ. ಅವನ್ನು ಕಾಯಲು ಫೈರ್‌ವಾಲ್, ಆ್ಯಂಟಿವೈರಸ್ ಮೊದಲಾದವನ್ನು ಕೊಳ್ಳುತ್ತೇವೆ. ಅಳವಡಿಸಿದವನು ಹೊರಟುಹೋದ ಮೇಲೆ, ಪೆಟ್ಟಿಗೆಯ ದೀಪ ಮಿನುಗುತ್ತಿದೆಯೆಂಬುದೇ ನಮ್ಮ ಸಮಾಧಾನ.

ಈ ಸಮಾಧಾನ ಸಾಲದು. 1988ರ ನವೆಂಬರಿನಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಹರಿಯಬಿಟ್ಟ ‘ಮಾರಿಸ್ ವರ್ಮ್’ ಸಾವಿರಾರು ಯಂತ್ರಗಳನ್ನು ಕಂಗೆಡಿಸಿತು. ಅದನ್ನು ಬಿಡಿಸಿ ನೋಡಿ ಮದ್ದು ಕಂಡವರು ಹಲವು ವಿಶ್ವವಿದ್ಯಾಲಯಗಳ ಬಳಕೆದಾರರೇ. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ದಾಟಿತು. ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ತುರ್ತು ನೆರವಿನ ಕೇಂದ್ರ ಹುಟ್ಟಿತು; ನಮ್ಮ ದೇಶದ ‘ಸರ್ಟ್-ಇನ್’ 2004ರಲ್ಲಿ ಬಂದಿತು. 2017ರ ಮೇ ತಿಂಗಳ ‘ವನ್ನಾಕ್ರೈ’ ಹಾವಳಿಯ ಪಾಠ ಇನ್ನೂ ಕಟುವಾದದ್ದು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಕೊಟ್ಟಿತ್ತು. ಬೀಗವಿದ್ದೂ ಹಾಕಿಕೊಳ್ಳದವರ ಮನೆಗೆ ಕಳ್ಳ ನುಗ್ಗಿದ.

ಆದ್ದರಿಂದ ಒಂದೇ ಬಗೆಯ ಸಾಧನಗಳನ್ನು ಬಳಸುವವರ ಬಳಗವೊಂದು ನಮ್ಮಲ್ಲಿಯೂ ಮೂಡಬೇಕೆಂಬುದು ನನ್ನ ವಿನಂತಿ. ಸಹಕಾರ ಸಂಘದ ಗುಮಾಸ್ತ, ಕಾಲೇಜಿನ ಪ್ರಯೋಗಾಲಯವನ್ನು ನೋಡಿಕೊಳ್ಳುವವರು, ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್, ಅಂಗಡಿಯಾತ ಇವರೇ ಅದರ ಸದಸ್ಯರು. ಮಾತುಕತೆ ಕನ್ನಡದಲ್ಲಿರಲಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸಿದೆಯೇ, ಹೊಸ ತಿದ್ದುಪಡಿ ಹಾಕಿದೆಯೇ ಎಂದು ಪರಸ್ಪರ ಕೇಳುವುದೇ ಮೊದಲ ಕೆಲಸ. ಆದರೆ ತಂತಮ್ಮ ಪಾಸ್‌ವರ್ಡನ್ನಾಗಲಿ, ಕಚೇರಿಯ ಜಾಲದ ನಕ್ಷೆಯನ್ನಾಗಲಿ ಅಲ್ಲಿ ಹರವಕೂಡದು.

ಇನ್ನೊಂದು ಎಚ್ಚರ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ ಒಂದೇ ವಾಕ್ಯ. ಅದಕ್ಕೆ ಕೇಳಿದವರು ಮಳೆಯೆಂದೋ ಬೆಳೆಯೆಂದೋ ರಾಜಕೀಯವೆಂದೋ ಹಲವು ಅರ್ಥ ಹಚ್ಚುತ್ತಾರೆ. ದೈವದ ನುಡಿಗೆ ಅದು ಸೊಗಸು. ಬಳಗದ ಎಚ್ಚರಿಕೆ ಹಾಗಿರಲಾಗದು. ಯಾವ ಸಾಧನ, ಯಾವ ಆವೃತ್ತಿ, ಎಂದು ಕಂಡಿತು, ಏನು ಮಾಡಬೇಕು ಎಂಬುದು ಸ್ಪಷ್ಟವಾಗಿರಬೇಕು. ತಯಾರಕರ ಅಥವಾ ಸರ್ಟ್-ಇನ್ ಪ್ರಕಟಣೆಯೊಡನೆ ತಾಳೆ ನೋಡಿದ ಮೇಲೆಯೇ ಹರಡಬೇಕು. ಇಲ್ಲವಾದರೆ ಎಚ್ಚರಿಕೆಯ ವೇಷದಲ್ಲಿ ವಂಚನೆಯೇ ಬಂದೀತು.

ಎಲ್ಲಕ್ಕಿಂತ ಕಠಿಣವಾದದ್ದು ನಾಚಿಕೆಯನ್ನು ಗೆಲ್ಲುವುದು. ಹಣ ಕಳೆದುಕೊಂಡವನು ಜನ ನಕ್ಕಾರೆಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನ ಮೌನದಿಂದ ಲಾಭ ಕಳ್ಳನಿಗೆ. ಮರುದಿನ ಅದೇ ಕಳ್ಳ ನೆರೆಮನೆಯ ಬಾಗಿಲಿಗೆ ಬರುತ್ತಾನೆ. ಹಣ ಹೋದೊಡನೆ 1930ಕ್ಕೆ ಕರೆ ಮಾಡಬೇಕು; ತಡವಾದಷ್ಟೂ ಅದನ್ನು ತಡೆಹಿಡಿಯುವುದು ದುಸ್ತರ. ಅನಂತರ ಬಳಗಕ್ಕೆ ತಿಳಿಸಬೇಕು. ಕೇಳಿದವರು ನಗದಿರುವುದೇ ಆ ಬಳಗದ ಮೊದಲ ನಿಯಮವಾಗಲಿ. ಸಾಧನವನ್ನು ದುಡ್ಡು ಕೊಟ್ಟು ತರಬಹುದು. ಕಾವಲಿನ ಕೂಗನ್ನು ನಾವೇ ಕೂಗಬೇಕು.