ಓಮನ ನಿಯಮ ನನಗೆ ಅರ್ಥವಾದ ದಿನ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಈ ಶಾಲೆಯ ವೇದಿಕೆಗೆ ನಾನು ಎಷ್ಟೋ ಸಲ ಹತ್ತಿದ್ದೇನೆ, ಆದರೆ ಮೈಕು ಕಟ್ಟುವುದಕ್ಕೆ. ಮೈಕಿನ ಮುಂದೆ ನಿಂತಿರುವುದು ಇದೇ ಮೊದಲು.

ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ತಾಲ್ಲೂಕಿನ ಮೈಕ್‌ಸೆಟ್ ಅಂಗಡಿ ಸೇರಿದೆ. ನಾಲ್ಕು ವರ್ಷ ಕಳೆದು, ಸಾಲ ಮಾಡಿ ಹಳೆಯದೊಂದು ವಾಲ್ವ್ ಆಂಪ್ಲಿಫೈಯರ್, ಎರಡು ಹಾರ್ನ್ ಕೊಂಡೆ. ಮೊದಲ ಕಾರ್ಯಕ್ರಮವೇ ನಮ್ಮ ಶಾಲೆಯ ವಾರ್ಷಿಕೋತ್ಸವ. 16 ಓಮಿನ ಎರಡು ಯೂನಿಟ್‌ಗಳನ್ನು ಪ್ಯಾರಲಲ್ ಮಾಡಿ 8 ಓಮಿನ ಟರ್ಮಿನಲ್ಲಿಗೆ ಕೊಟ್ಟಿದ್ದೆ. ಲೆಕ್ಕ ಸರಿಯಾಗಿತ್ತು. ಆದರೆ ನಾಟಕದ ನಡುವೆ ಯಾರದೋ ಗಾಡಿಗೆ ಸಿಕ್ಕಿ ವೈರು ಹರಿಯಿತು. ಸದ್ದು ನಿಂತಿತು. ವೈರು ನೋಡುವ ಬದಲು ನಾನು ವಾಲ್ಯೂಮ್ ಏರಿಸಿದೆ. ಒಳಗೆ ನೀಲಿ ಬೆಳಕು ಚಿಟಿಲ್ ಎಂದಿತು, ಸುಟ್ಟ ವಾಸನೆ ಬಂತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಮಕ್ಕಳು ಗಂಟಲು ಹರಿಯುವಂತೆ ಕೂಗಿ ನಾಟಕ ಮುಗಿಸಿದರು. ನಾನು ಪರದೆಯ ಹಿಂದೆ ಅಳುತ್ತಾ ಕೂತೆ.

ಮರುದಿನ ವಿಜ್ಞಾನದ ಮೇಷ್ಟ್ರು ಮನೆಗೇ ಬಂದರು. "ಭಾರ ಎಳೀತಿರೋ ಎತ್ತಿನ ಮಿಣಿ ಹರಿದರೆ ಏನಾಗುತ್ತೋ?" ಎಂದರು. "ಮುಗ್ಗರಿಸುತ್ತೆ ಸಾರ್." "ವಾಲ್ವ್ ಸೆಟ್ಟೂ ಹಾಗೇ. ಹಾರ್ನಿನ ಭಾರ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ವಿಪರೀತ ಏರಿ ಇನ್ಸುಲೇಷನ್ ಸೀಳುತ್ತೆ" ಎಂದರು.

ಆಮೇಲೆ ನನ್ನ ಕೈಗೆ ಬಳಪ ಕೊಟ್ಟು ವೈರಿನ ಲೆಕ್ಕ ಮಾಡಿಸಿದರು. ಒಂದು ಚದರ ಮಿಲಿಮೀಟರಿನ ತಾಮ್ರದ ವೈರು 100 ಮೀಟರ್ ಹೋಗಿ ಬಂದರೆ ಸುಮಾರು 3.5 ಓಮ್. ಹಾರ್ನಿನದು 8. ಒಟ್ಟು 11.5. ಅಂದರೆ ಹೊರಟ ಶಕ್ತಿಯಲ್ಲಿ ಶೇ. 30ರಷ್ಟನ್ನು ವೈರೇ ತಿಂದುಬಿಡುತ್ತದೆ! ಅದಕ್ಕೇ ದೂರದ ಹಾರ್ನಿಗೆ 100 ವೋಲ್ಟ್ ಲೈನು. 25 ವ್ಯಾಟಿನ ಹಾರ್ನು ಅಲ್ಲಿ ಲೈನ್ ಟ್ರಾನ್ಸ್‌ಫಾರ್ಮರಿನ ಮೂಲಕ 400 ಓಮಿನಂತೆ ಕಾಣುತ್ತದೆ; ಅದರ ಮುಂದೆ ವೈರಿನ ಮೂರೂವರೆ ಓಮ್ ಲೆಕ್ಕಕ್ಕೇ ಇಲ್ಲ. ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಓಮನ ನಿಯಮ ಅಂದು ನಮ್ಮ ಮನೆಯ ಜಗಲಿಯ ಮೇಲೆ ಅರ್ಥವಾಯಿತು.

ನಾನು ಬಾಡಿಗೆ ಬೇಡವೆಂದೆ. ಅವರು ಅರ್ಧ ಬಾಡಿಗೆ ಎಣಿಸಿಕೊಟ್ಟು, "ಅರ್ಧ ನಾಟಕ ಕೇಳಿಸಿತಲ್ಲ" ಎಂದರು. ಆ ಹಣವೇ ಟ್ರಾನ್ಸ್‌ಫಾರ್ಮರ್ ಹೊಸದಾಗಿ ಸುತ್ತಿಸಲು ಮುಂಗಡವಾಯಿತು. ಅಂದು ಅವರು ಬರದಿದ್ದರೆ ಸೆಟ್ಟು ಮಾರಿ ಕೂಲಿಗೆ ಹೋಗುತ್ತಿದ್ದೆ. ಅದೇ ಕಸುಬಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಇದೇ ಶಾಲೆಯಲ್ಲಿ ಓದಿಸಿದೆ.

ಮಕ್ಕಳೇ, ಫೇಲಾದವನಿಗೂ ಈ ಶಾಲೆ ಪಾಠ ನಿಲ್ಲಿಸಲಿಲ್ಲ. ಮೇಷ್ಟ್ರು ಇಂದು ನಮ್ಮೊಂದಿಗಿಲ್ಲ. ಈ ಮೈದಾನದ ಕೊನೆಯ ಸಾಲಿಗೂ ನನ್ನ ಮಾತು ಕೇಳಿಸುತ್ತಿದ್ದರೆ, ಅದು ಅವರು ಕಲಿಸಿದ ಲೆಕ್ಕ.