ಬೆವರಿನ ಉಪ್ಪು, ಊಟದ ಉಪ್ಪು

ಏಪ್ರಿಲ್ ಬಂತೆಂದರೆ ಬೀದರ ಜಿಲ್ಲೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಲಬುರಗಿ ವಿಭಾಗದಲ್ಲಿ ಬೇಸಿಗೆಯ ಈ ವೇಳಾಪಟ್ಟಿ ಬಹುಕಾಲದ ರೂಢಿ. ಗುಮಾಸ್ತರು ಮನೆ ಸೇರಿ ಫ್ಯಾನಿನ ಕೆಳಗೆ ಕೂತ ಹೊತ್ತಿನಲ್ಲೇ ಬಸವಕಲ್ಯಾಣದಲ್ಲಿ ಲಾರಿಗೆ ಬಾಡಿ ಕಟ್ಟುವವರು ಕಾದ ತಗಡಿನ ಪಕ್ಕ ವೆಲ್ಡಿಂಗ್ ಮಾಡುತ್ತಿರುತ್ತಾರೆ. ಹುಮನಾಬಾದ್ ತಾಲ್ಲೂಕಿನ ಹೊಲಗಳಲ್ಲಿ ಕೂಲಿಯವರ ಕೆಲಸ ಇನ್ನೂ ಮುಗಿದಿರುವುದಿಲ್ಲ. ‘ಬೇಸಿಗೆ, ಬೆವರು ಜಾಸ್ತಿ, ಉಪ್ಪು ಸ್ವಲ್ಪ ಹೆಚ್ಚೇ ಇರಲಿ’ ಎಂಬ ಮಾತು ಮಾತ್ರ ಇವರೆಲ್ಲರಿಗೂ ಒಂದೇ ಸಮ ಕೇಳಿಸುತ್ತದೆ. ಅದು ಎಲ್ಲರಿಗೂ ಸಲ್ಲುವ ಮಾತಲ್ಲ. ಉಪ್ಪಿನ ಲೆಕ್ಕ ಹಾಕಬೇಕಾದ್ದು ಉಷ್ಣಮಾಪಕ ನೋಡಿ ಅಲ್ಲ, ಅಂಗಿ ನೋಡಿ.

ಈ ಸೀಮೆಯ ಬಿಸಿಲಿಗೆ ಒಂದು ಕಪಟವಿದೆ. ಮಂಗಳೂರಿನ ಸೆಕೆಯಲ್ಲಿ ಬೆವರು ತೊಟ್ಟಿಕ್ಕುತ್ತದೆ, ಮೈಗೆ ಅಂಟುತ್ತದೆ. ಎಷ್ಟು ಹೋಯಿತೆಂದು ಯಾರಿಗಾದರೂ ತಿಳಿಯುತ್ತದೆ. ನಮ್ಮಲ್ಲಿ ಮೇ ತಿಂಗಳ ಗಾಳಿ ಒಣಗಾಳಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಬೆವರು ಚರ್ಮದ ಮೇಲೆ ಬಂದ ಹಾಗೇ ಆವಿಯಾಗಿಬಿಡುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಮೈ ತಂಪಾಗಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಬೆವರೇ ಕಾಣದ ಕಾರಣ ನಷ್ಟವೂ ಕಾಣುವುದಿಲ್ಲ. ಸಂಜೆ ನೀಲಿ ಅಂಗಿಯ ಬೆನ್ನಿನ ಮೇಲೆ, ಕಂಕುಳ ಸುತ್ತ, ಟೊಪ್ಪಿಗೆಯ ಅಂಚಿನಲ್ಲಿ ಮೂಡಿದ ಬಿಳಿ ಗೆರೆಯಷ್ಟೇ ಸಾಕ್ಷಿ. ನೀರು ಹಾರಿಹೋಗಿ ಉಳಿದ ಉಪ್ಪು ಅದು.

ಆ ಗೆರೆ ಎಷ್ಟು ದಪ್ಪ ಎಂಬುದನ್ನು ತೀರ್ಮಾನಿಸುವುದು ಬೆವರಿನ ಗ್ರಂಥಿ. ಚರ್ಮದೊಳಗೆ ಸುರುಳಿ ಸುತ್ತಿಕೊಂಡ ಸಣ್ಣ ಕೊಳವೆ ಅದು. ಮೈಯಲ್ಲಿ ಇಂಥವು ಇಪ್ಪತ್ತು ಲಕ್ಷದಿಂದ ನಲವತ್ತು ಲಕ್ಷದವರೆಗೆ ಇರುತ್ತವೆ. ಸುರುಳಿಯ ತಳದಲ್ಲಿ ಒಸರುವ ದ್ರವ ಹೆಚ್ಚುಕಡಿಮೆ ರಕ್ತದಷ್ಟೇ ಉಪ್ಪಾಗಿರುತ್ತದೆ. ಅದು ಮೇಲಕ್ಕೆ ಬರುವ ದಾರಿಯಲ್ಲಿ ಕೊಳವೆಯ ಗೋಡೆ ಸೋಡಿಯಂ ಅನ್ನು ಹೀರಿ ರಕ್ತಕ್ಕೆ ಮರಳಿಸುತ್ತದೆ. ಬೆವರು ನಿಧಾನವಾಗಿ ಬಂದರೆ ಹೀರಲು ಬಿಡುವು ಸಿಗುತ್ತದೆ. ಭರದಿಂದ ಹರಿದರೆ ಸಿಗುವುದಿಲ್ಲ. ಹೀಗಾಗಿ ದುಡಿಮೆ ಜೋರಾದಷ್ಟೂ ಬೆವರಿನ ಪ್ರಮಾಣ ಮಾತ್ರವಲ್ಲ, ಅದರ ಉಪ್ಪೂ ಏರುತ್ತದೆ. ಇಲ್ಲೊಂದು ಹಾರ್ಮೋನಿನ ಕೈವಾಡವೂ ಇದೆ: ಆಲ್ಡೊಸ್ಟಿರಾನ್. ಊಟದಲ್ಲಿ ಉಪ್ಪು ಕಡಿಮೆಯಾದರೆ ಅಥವಾ ದಿನಗಟ್ಟಲೆ ಬಿಸಿಲಲ್ಲಿ ಬೆವರಿದರೆ ಇದು ಹೆಚ್ಚಾಗಿ, ಮೂತ್ರಪಿಂಡಕ್ಕೂ ಬೆವರಿನ ಕೊಳವೆಗೂ ಉಪ್ಪು ಉಳಿಸಲು ಹೇಳುತ್ತದೆ. 1940ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಜೆರೋಮ್ ಕಾನ್ ಎಂಬ ವೈದ್ಯ ಬಿಸಿ ಕೋಣೆಯಲ್ಲಿ ದುಡಿಯುವವರನ್ನು ಪರೀಕ್ಷಿಸಿದಾಗ, ದಿನ ಕಳೆದಂತೆ ಅವರ ಬೆವರು ಸಪ್ಪೆಯಾಗುತ್ತ ಹೋಗಿತ್ತು. ಬಿಸಿಲಿಗೆ ಒಗ್ಗದವನ ಒಂದು ಲೀಟರ್ ಬೆವರಿನಲ್ಲಿ 3 ಗ್ರಾಂ ದಾಟಬಹುದಾದ ಉಪ್ಪು, ಒಗ್ಗಿದವನಲ್ಲಿ 1 ಗ್ರಾಮಿನ ಆಸುಪಾಸಿಗೆ ಇಳಿಯಬಲ್ಲದು. ಒಗ್ಗಲು ಒಂದೆರಡು ವಾರ ಸಾಕು.

ಹಾಗಾದರೆ ತಿಂದ ಉಪ್ಪೆಲ್ಲ ಬೆವರಿನಲ್ಲಿ ಹೋಗುವುದಿಲ್ಲವೇ? ಇಲ್ಲ. ಎಷ್ಟು ಬೆವರಬೇಕೆಂದು ಹೇಳುವುದು ಮೈಯ ಕಾವು. ಉಪ್ಪು ಹೆಚ್ಚು ತಿಂದ ಮಾತ್ರಕ್ಕೆ ಬೆವರು ಹೆಚ್ಚು ಬಾರದು. ನೆರಳಲ್ಲಿ ಕೂತವರ ಹೆಚ್ಚುವರಿ ಉಪ್ಪು ಮೂತ್ರಪಿಂಡದ ಮೂಲಕವೇ ಹೋಗಬೇಕು, ಹೋಗುವ ತನಕ ನೀರನ್ನು ಹಿಡಿದಿಟ್ಟುಕೊಂಡು ರಕ್ತದೊತ್ತಡ ಏರಿಸುತ್ತದೆ. 2017–18ರ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಲ್ಲಿ ನಮ್ಮ ದೇಶದ ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆ; ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಮಿಗೂ ಕಡಿಮೆ. ಗುಮಾಸ್ತರ ಊಟದಲ್ಲಿ ಬೇಸಿಗೆಯ ಪಾಲು ಆಗಲೇ ಸೇರಿಹೋಗಿದೆ ಎಂದಾಯಿತು. ಉಪ್ಪಿನ ಗುಳಿಗೆ ನುಂಗಿ ನೀರು ಕುಡಿಯದಿದ್ದರಂತೂ ಕೇಡು ಇನ್ನೂ ಹೆಚ್ಚು: ರಕ್ತ ಗಟ್ಟಿಯಾದಷ್ಟೂ ಮೈ ಬೆವರಲು ತಡಮಾಡುತ್ತದೆ, ಕಾವು ಒಳಗೇ ಉಳಿಯುತ್ತದೆ.

‘ಉಪ್ಪು ತಿಂದವ ನೀರು ಕುಡಿಯಲೇಬೇಕಲ್ಲ, ಹೆಚ್ಚು ತಿಂದರೆ ಹೆಚ್ಚು ಕುಡಿಯುತ್ತೇವೆ, ಲೆಕ್ಕ ಸರಿಹೋಗುತ್ತದೆ’ ಎಂದು ಯಾರಾದರೂ ಅಂದಾರು. ಆ ಹೊತ್ತಿನ ಬಾಯಾರಿಕೆಯ ಮಟ್ಟಿಗೆ ಗಾದೆ ನಿಜ. ಆದರೆ ಮಾಸ್ಕೋದಲ್ಲಿ ಮಂಗಳಯಾನದ ತಾಲೀಮಿಗಾಗಿ 105 ಮತ್ತು 205 ದಿನ ಮುಚ್ಚಿದ ಕೋಣೆಗಳಲ್ಲಿ ಇದ್ದವರಿಗೆ ದಿನಕ್ಕೆ 12, 9, 6 ಗ್ರಾಂ ಹೀಗೆ ವಾರಗಟ್ಟಲೆ ಬೇರೆಬೇರೆ ಪ್ರಮಾಣದ ಉಪ್ಪು ಕೊಟ್ಟು ನೋಡಿದಾಗ, ಹೆಚ್ಚು ಉಪ್ಪಿನ ವಾರಗಳಲ್ಲಿ ಅವರು ಕುಡಿದ ನೀರು ಕಡಿಮೆಯೇ ಆಗಿತ್ತು. 2017ರಲ್ಲಿ ಪ್ರಕಟವಾದ ಈ ಅಧ್ಯಯನ ಬೆರಳೆಣಿಕೆಯ ಗಂಡಸರದು, ತಂಪು ಕೋಣೆಯದು. ಅದನ್ನು ನಮ್ಮ ಹೊಲಕ್ಕೆ ನೇರವಾಗಿ ತರಲಾಗದು. ಉಪ್ಪೇ ನೀರು ಕುಡಿಸುತ್ತದೆಂದು ನಂಬಿ ಕೂರಬಾರದು ಎನ್ನುವಷ್ಟಕ್ಕೆ ಸಾಕು.

ಇನ್ನು ದುಡಿಯುವವರ ಮಾತು. ಬಿಸಿಲಿಗೆ ಒಗ್ಗಿದವನೇ ಇರಲಿ, ದಿನಕ್ಕೆ 5 ಲೀಟರ್ ಬೆವರಿದರೆ 5–6 ಗ್ರಾಂ ಉಪ್ಪು ಹೋಯಿತು. ಅವನು ಬರೀ ನೀರು ಕುಡಿಯುತ್ತ ಊಟ ಬಿಟ್ಟರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಆ ನೀರನ್ನು ಮೈ ಇಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತದೆ. 1923ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಬಗ್ಗೆ ಬರೆದ ಕೆ. ನೆವಿಲ್ ಮಾಸ್, ಬಿಸಿಯಲ್ಲಿ ಬೆವರಿ ನೀರಷ್ಟೇ ಕುಡಿದವರಿಗೆ ಸ್ನಾಯು ಹಿಡಿದುಕೊಳ್ಳುವುದನ್ನು ಉಪ್ಪಿನ ನಷ್ಟಕ್ಕೆ ಜೋಡಿಸಿದ್ದರು. 1930ರ ದಶಕದಲ್ಲಿ ಮೆಕ್ಯಾನ್ಸ್ ಎಂಬ ಸಂಶೋಧಕ ಸ್ವಯಂಸೇವಕರಿಗೆ ಉಪ್ಪಿಲ್ಲದ ಊಟ ಕೊಟ್ಟು ಬೆವರಿಳಿಸಿದಾಗ ಅವರ ತೂಕ ಇಳಿಯಿತು, ನಿತ್ರಾಣ ಬಂತು, ಊಟವೇ ರುಚಿಸದಾಯಿತು. ಅಮೆಜಾನ್ ಕಾಡಿನ ಯಾನೊಮಾಮಿ ಜನ ಉಪ್ಪೇ ಇಲ್ಲದೆ ಬದುಕುತ್ತಾರಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅವರ ಮೂತ್ರದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅವರದು ಹುಟ್ಟಿನಿಂದ ಒಗ್ಗಿದ ಮೈ. ದಿನಕ್ಕೆ 8 ಗ್ರಾಂ ತಿಂದು ಬೆಳೆದವನು ಸೋಮವಾರ ಉಪ್ಪು ಬಿಟ್ಟು ಮಂಗಳವಾರ ಗುದ್ದಲಿ ಹಿಡಿಯಲಾಗದು.

ಕೂಲಿಯವರ ಬುತ್ತಿ ಈ ಲೆಕ್ಕವನ್ನು ಬಹುಮಟ್ಟಿಗೆ ತಾನೇ ಮಾಡಿದೆ: ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಉಪ್ಪು ಹಾಕಿದ ಮಜ್ಜಿಗೆ. ಊಟ ಹೊತ್ತಿಗೆ ಸರಿಯಾಗಿ ಹೊಟ್ಟೆ ಸೇರಿದರೆ ಬೇರೆ ಗುಳಿಗೆ ಬೇಡ. ವಾಂತಿ, ಭೇದಿ, ತಲೆಸುತ್ತು ಬಂದಾಗ ಓಆರ್‌ಎಸ್ ಬೇಕು; ಅದರ ಸಕ್ಕರೆ ರುಚಿಗಾಗಿ ಅಲ್ಲ, ಕರುಳಿನಲ್ಲಿ ಸೋಡಿಯಂ ಗ್ಲೂಕೋಸಿನ ಜೊತೆಗೂಡಿ ಒಳಹೊಕ್ಕಾಗ ನೀರೂ ಹಿಂದೆಯೇ ಬರುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಲೇ ಬಿಸಿಲಲ್ಲಿ ದುಡಿಯುವವರು ಉಪ್ಪು ಹೆಚ್ಚಿಸುವುದನ್ನೂ ಪೂರ್ತಿ ಬಿಡುವುದನ್ನೂ ತಾವೇ ನಿರ್ಧರಿಸದೆ, ಬೇಸಿಗೆಗೆ ಮುಂಚೆಯೇ ವೈದ್ಯರೊಡನೆ ಮಾತಾಡಬೇಕು. ಎಲ್ಲರಿಗಿಂತ ಹೆಚ್ಚು ಎಚ್ಚರ ಬೇಕಾದ್ದು ಪುಣೆ, ಹೈದರಾಬಾದಿನ ನೆರಳಿನ ಕೆಲಸ ಬಿಟ್ಟು ಮೇ ತಿಂಗಳಲ್ಲಿ ಊರಿಗೆ ಬಂದು ಮರುದಿನವೇ ಹೊಲಕ್ಕಿಳಿಯುವವರಿಗೆ. ಒಗ್ಗಿದ ಮೈ ಕೆಲವೇ ವಾರಗಳ ನೆರಳಿನಲ್ಲಿ ಆ ಅಭ್ಯಾಸ ಮರೆಯುತ್ತದೆ. ಮೊದಲ ವಾರ ಅವರ ಬೆವರು ಅಣ್ಣತಮ್ಮಂದಿರ ಬೆವರಿಗಿಂತ ಉಪ್ಪಾಗಿರುತ್ತದೆ. ಅಷ್ಟು ದಿನ ಅವರಿಗೆ ಅರ್ಧ ಹೊತ್ತಿನ ಕೆಲಸ ಸಾಕು.