ನೂರು ಊಟದ ದುಡ್ಡು

(2023ರಲ್ಲಿ ವೇದಿಕೆಯ ಶುಕ್ರವಾರದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)



ಹೋಟೆಲಿನಲ್ಲಿ ಇರುವವರು ನೀವು, ಹೋಟೆಲಿನ ಬಗ್ಗೆಯೇ ಏನಾದರೂ ಹೇಳಿ ಅಂತ ಕಾರ್ಯದರ್ಶಿಗಳು ಅಂದರು. ನಮ್ಮ ನಮ್ಮ ಕಿಚನ್ನಿನ ಕತೆ ಇಲ್ಲಿ ಎಲ್ಲರಿಗೂ ಗೊತ್ತು, ಅದನ್ನೇ ಹೇಳಿ ನಿಮ್ಮ ರಜೆ ಹಾಳು ಮಾಡುವುದಿಲ್ಲ. ದೂರದ ಒಂದು ಹೋಟೆಲಿನ ಕತೆ ಹೇಳುತ್ತೇನೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಊರಿನ ನೋಮಾ. ಐದು ಸಲ ಜಗತ್ತಿನ ಒಂದನೇ ನಂಬರ್ ರೆಸ್ಟೋರೆಂಟ್ ಅಂತ ಹೆಸರು ಪಡೆದದ್ದು. ಈ ಜನವರಿಯಲ್ಲಿ ಅದರ ಮುಖ್ಯ ಬಾಣಸಿಗ ರೆನೆ ರೆಡ್ಜೆಪಿ, 2024 ಮುಗಿಯುವಾಗ ಈಗಿನ ರೀತಿಯ ರೆಸ್ಟೋರೆಂಟ್ ನಿಲ್ಲಿಸುತ್ತೇವೆ, ಇದು ನಡೆಯುವ ಲೆಕ್ಕ ಅಲ್ಲ ಅಂತ ಹೇಳಿಬಿಟ್ಟರು. ಗಿರಾಕಿ ಬಾರದೆ ಮುಚ್ಚಿದ ಹೋಟೆಲುಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ತಲೆಗೆ ಕಮ್ಮಿ ಎಂದರೂ 500 ಡಾಲರ್ ಕೊಡಲು ಜನ ತುದಿಗಾಲಲ್ಲಿ ನಿಂತಿರುವಾಗ ಮುಚ್ಚುವ ಹೋಟೆಲ್ ಎಂಥದ್ದು ಮಾರಾಯ್ರೆ? ನನಗೆ ಕುತೂಹಲ ಹುಟ್ಟಿದ್ದು ಅಲ್ಲಿಂದ.

ನೋಮಾ ಶುರುವಾದದ್ದು 2003ರ ಕೊನೆಯಲ್ಲಿ. ಕ್ಲಾಸ್ ಮೇಯರ್ ಎಂಬ ಅಲ್ಲಿನ ಪ್ರಸಿದ್ಧ ಆಹಾರ ಉದ್ಯಮಿ ಮತ್ತು ಇಪ್ಪತ್ತೈದರ ಹುಡುಗ ರೆಡ್ಜೆಪಿ ಸೇರಿ ಮಾಡಿದ್ದು. ಜಾಗ ಬಂದರಿನ ಪಕ್ಕದ ಒಂದು ಹಳೆಯ ಗೋದಾಮು. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಕಡೆಯ ಒಣಮೀನು, ತಿಮಿಂಗಿಲದ ಎಣ್ಣೆ, ಚರ್ಮ ಎಲ್ಲ ಇಳಿಸುತ್ತಿದ್ದ ಕಟ್ಟಡ. ರೆಡ್ಜೆಪಿಯೂ ಒಂದು ಲೆಕ್ಕದಲ್ಲಿ ನಮ್ಮ ಪೈಕಿಯೇ. ತಂದೆ ಮ್ಯಾಸಿಡೋನಿಯಾದಿಂದ ದುಡಿಯಲು ಬಂದ ಅಲ್ಬೇನಿಯನ್ ಮುಸ್ಲಿಂ, ಟ್ಯಾಕ್ಸಿ ಓಡಿಸಿದವರು. ತಾಯಿ ಡೆನ್ಮಾರ್ಕಿನವರು, ಕ್ಲೀನಿಂಗ್ ಕೆಲಸ ಮಾಡಿದವರು.

ಇವರು ಹಾಕಿಕೊಂಡ ಕಟ್ಟುಪಾಡು ಕೇಳಿದರೆ ಯಾವ ಬಾಣಸಿಗನಿಗೂ ತಲೆ ತಿರುಗಬೇಕು. ಉತ್ತರದ ದೇಶಗಳಲ್ಲಿ ಸಿಗುವುದು ಮಾತ್ರ ಬಳಸಬೇಕು. ಆಲಿವ್ ಎಣ್ಣೆ ಇಲ್ಲ, ಟೊಮೆಟೊ ಇಲ್ಲ, ನಿಂಬೆ ಇಲ್ಲ. ವರ್ಷದಲ್ಲಿ ಅರ್ಧ ಕಾಲ ಚಳಿಗೆ ಏನೂ ಬೆಳೆಯದ ದೇಶದಲ್ಲಿ ಇದು! ಊರಿನ ಉಳಿದ ಬಾಣಸಿಗರು ‘ನಾರುವ ತಿಮಿಂಗಿಲ’ ಅಂತ ಅಡ್ಡಹೆಸರಿಟ್ಟು ನಕ್ಕರು. ಇವರು ಕಾಡಿಗೆ, ಸಮುದ್ರದ ದಂಡೆಗೆ ಹೋಗಿ ಸೊಪ್ಪು, ಪಾಚಿ, ಕಾಡುಹಣ್ಣು ಹೆಕ್ಕಿ ತಂದರು. ಹೂಕುಂಡದಲ್ಲಿ ಮಣ್ಣಿನ ಹಾಗೆ ಕಾಣುವ ತಿನಿಸು ತುಂಬಿ ಅದರಲ್ಲಿ ಮೂಲಂಗಿ ನೆಟ್ಟು ಬಡಿಸಿದರು. ಹುಳಿಗೆ ನಿಂಬೆ ಇಲ್ಲವಲ್ಲ, ಅದಕ್ಕೆ ಇರುವೆ. ಜೀವಂತ ಇರುವೆ ತಿನ್ನಿಸಿದರು ಅಂತ ಜಗತ್ತಿನ ಪತ್ರಿಕೆಗಳೆಲ್ಲ ಬೆರಗಾಗಿ ಬರೆದವು. ನಮ್ಮ ಮಲೆನಾಡಿನ ಅಜ್ಜಿಯರು ಚಗಳಿ ಚಟ್ನಿ ಅರೆದದ್ದಕ್ಕೆ ಯಾರೂ ಬರೆಯಲಿಲ್ಲ, ಇರಲಿ. ಬೇಸಿಗೆಯ ಬೆಳೆಯನ್ನು ಉಪ್ಪು ಹಾಕಿ, ಹುದುಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುವ ಕೆಲಸಕ್ಕೆ ಒಂದು ಲ್ಯಾಬನ್ನೇ ಕಟ್ಟಿದರು. ಮಿಡಿ ಉಪ್ಪಿನಕಾಯಿ ಭರಣಿ ಕಂಡವರಿಗೆ ಅದರ ತತ್ವ ಹೊಸದಲ್ಲ. ಆದರೆ ಆ ಹುಡುಗರ ಹಟವನ್ನು ಮೆಚ್ಚಲೇಬೇಕು. ತಮ್ಮ ಊರಿನದ್ದು ಕೀಳು, ಫ್ರಾನ್ಸಿನದ್ದು ಮೇಲು ಎಂಬ ಮಾತನ್ನು ಅವರು ತಟ್ಟೆಯಲ್ಲೇ ಸುಳ್ಳು ಮಾಡಿದರು.

2005ರಲ್ಲಿ ಮೊದಲನೇ ಮಿಶೆಲಿನ್ ನಕ್ಷತ್ರ ಬಂತು, ಆಮೇಲೆ ಎರಡನೆಯದು. ಲಂಡನ್ನಿನಲ್ಲಿ ಘೋಷಣೆಯಾಗುತ್ತಿದ್ದ ‘ವಿಶ್ವದ ಅತ್ಯುತ್ತಮ 50’ ಪಟ್ಟಿಯಲ್ಲಿ 2010, 2011, 2012, ಮತ್ತೆ 2014ರಲ್ಲಿ ಒಂದನೇ ಸ್ಥಾನ. ಟೋಕಿಯೋ, ಸಿಡ್ನಿ, ಮೆಕ್ಸಿಕೋಗೆ ಇಡೀ ಕಿಚನ್ನನ್ನು ಕಟ್ಟಿಕೊಂಡು ಹೋಗಿ ಕೆಲವು ವಾರ ಅಲ್ಲೇ ಬಡಿಸಿ ಬಂದರು. 2018ರಲ್ಲಿ ಹಳೆ ಗೋದಾಮು ಬಿಟ್ಟು ಊರಂಚಿನಲ್ಲಿ ಹೊಸ ಕಟ್ಟಡ. ಮೂರನೇ ನಕ್ಷತ್ರ ಮತ್ತು ಐದನೇ ಪ್ರಶಸ್ತಿ ಎರಡೂ 2021ರಲ್ಲಿ.

ಈ ಪ್ರಶಸ್ತಿಗಳ ನಡುವೆ ಒಬ್ಬ ಮನುಷ್ಯರ ಕತೆ ಇದೆ, ನಿಮಗೆ ಹೇಳಲೇಬೇಕಾದದ್ದು. ಅಲಿ ಸೊಂಕೋ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ರೈತರಾಗಿದ್ದು ಡೆನ್ಮಾರ್ಕಿಗೆ ಬಂದವರು. ನೋಮಾ ಶುರುವಾದಾಗಿನಿಂದ ಅಲ್ಲಿ ಪಾತ್ರೆ ತೊಳೆಯುವ ಕೆಲಸ. 2010ರಲ್ಲಿ ಮೊದಲ ಪ್ರಶಸ್ತಿ ಬಂದಾಗ ತಂಡ ಲಂಡನ್ನಿಗೆ ಹೊರಟಿತು, ಇವರಿಗೆ ವೀಸಾ ಸಿಗಲಿಲ್ಲ. ವೀಸಾ ಇಲ್ಲ ಅಂದರೆ ಏನು ಅಂತ ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ. ಉಳಿದವರು ಏನು ಮಾಡಿದರು ಗೊತ್ತಾ? ಅಲಿಯವರ ಮುಖ ಅಚ್ಚು ಹಾಕಿಸಿದ ಟಿ-ಶರ್ಟ್ ತೊಟ್ಟು ವೇದಿಕೆ ಹತ್ತಿದರು. ಎರಡು ವರ್ಷದ ನಂತರ ವೀಸಾ ಸಿಕ್ಕಿತು. 2012ರಲ್ಲಿ ಅದೇ ವೇದಿಕೆಯಲ್ಲಿ ನಿಂತು ತಂಡದ ಪರವಾಗಿ ಮಾತಾಡಿದವರು ಅವರೇ. 2017ರ ಕೊನೆಯಲ್ಲಿ ರೆಡ್ಜೆಪಿ ಮೂವರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ಅದರಲ್ಲಿ ಅಲಿ ಸೊಂಕೋ ಒಬ್ಬರು.

ನಮ್ಮ ಕಡೆ ಇದು ಹೊಸ ಕತೆಯಲ್ಲ. ಕುಂದಾಪುರ, ಉಡುಪಿ ಕಡೆಯಿಂದ ಬೊಂಬಾಯಿಗೆ ಓಡಿಹೋಗಿ ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಸಪ್ಲಾಯರ್ ಆಗಿ, ಗಲ್ಲಾದಲ್ಲಿ ಕೂತು, ಕಡೆಗೆ ಸ್ವಂತ ಹೋಟೆಲ್ ಹಾಕಿದ ಹಿರಿಯರು ಇಲ್ಲಿರುವ ಅನೇಕರ ಮನೆಯಲ್ಲೇ ಇದ್ದಾರೆ. ಆದರೆ ಹಾಗೆ ಮೇಲೆ ಬಂದ ಒಬ್ಬರ ಹಿಂದೆ, ಮುಸುರೆ ತಿಕ್ಕುತ್ತಲೇ ಪ್ರಾಯ ಕಳೆದ ಹತ್ತು ಮಂದಿ ಇದ್ದರು. ಅವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಬರುವುದಿಲ್ಲ. ನೋಮಾದ ಕತೆಯ ಇನ್ನೊಂದು ಮಗ್ಗುಲೂ ಹಾಗೇ.

ಆ ಮಗ್ಗುಲಿನಲ್ಲಿ ಇರುವವರು ಇಂಟರ್ನ್‌ಗಳು. ದೊಡ್ಡ ಕಿಚನ್ನಿನಲ್ಲಿ ಕೆಲವು ತಿಂಗಳು ಸಂಬಳವಿಲ್ಲದೆ ದುಡಿಯುವುದು ಯುರೋಪಿನಲ್ಲಿ ಹಳೆಯ ರೂಢಿ. ರೆಡ್ಜೆಪಿ ಕೂಡ ಹಿಂದೆ ಸ್ಪೇನಿನ ಎಲ್ ಬುಯಿ ಎಂಬ ಇನ್ನೊಂದು ಮಹಾ ಹೋಟೆಲಿನಲ್ಲಿ ಕೆಲಸ ಕಲಿತವರು. ಅಲ್ಲೂ ಸಂಬಳವಿಲ್ಲದ ಹುಡುಗರ ದೊಡ್ಡ ಸಾಲೇ ಇರುತ್ತಿತ್ತು. ನೋಮಾದಲ್ಲಿ 2019ರ ಹೊತ್ತಿಗೆ ಸಂಬಳದ ಅಡುಗೆಯವರು 34, ಸಂಬಳವಿಲ್ಲದವರು ಸುಮಾರು 30 ಅಂತ ಪತ್ರಿಕೆಯಲ್ಲಿ ಬಂತು. ಹೆಚ್ಚು ಕಮ್ಮಿ ಅರ್ಧ ಕಿಚನ್! ವಿಮಾನದ ಟಿಕೆಟ್ ಅವರದೇ, ಬಾಡಿಗೆ ಅವರದೇ. ಕೋಪನ್‌ಹೇಗನ್ ಏನು ಸೋವಿ ಊರಲ್ಲ. ಜಗತ್ತಿನ ಎಲ್ಲ ಕಡೆಯಿಂದ ಬರುತ್ತಿದ್ದರು, ಯಾಕೆಂದರೆ ಬಯೋಡೇಟಾದಲ್ಲಿ ‘ನೋಮಾ’ ಅಂತ ಮೂರು ತಿಂಗಳು ಬರೆದರೆ ಮುಂದೆ ಬಾಗಿಲು ತೆರೆಯುತ್ತದೆ.

ಹಾಗೆ ಹೋದವರಲ್ಲಿ ನಮ್ಮ ದೇಶದ ಒಬ್ಬ ಹುಡುಗಿ, ಹೈದರಾಬಾದಿನಲ್ಲಿ ಅಡುಗೆ ಕಾಲೇಜು ಮುಗಿಸಿದವಳು, ಈ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ತನ್ನ ಅನುಭವ ಹೇಳಿದಳು. ಅಲ್ಲಿ ಅವಳ ಕೆಲಸ ಜೀರುಂಡೆ ಮಾಡುವುದು. ಕಪ್ಪು ಹಣ್ಣಿನ ಜಾಮನ್ನು ಅಚ್ಚಿನ ಮೇಲೆ ಸವರಿ, ಒಣಗಿಸಿ, ತಲೆ, ಹೊಟ್ಟೆ, ರೆಕ್ಕೆ ಬೇರೆ ಬೇರೆ ತೆಗೆದು, ಚಿಮಟದಲ್ಲಿ ಜೋಡಿಸಬೇಕು. ನಮ್ಮ ಮಾವಿನ ಹಣ್ಣಿನ ಮಾಂಬಳದಲ್ಲಿ ಹುಳು ಕತ್ತರಿಸಿದ ಹಾಗೆ ಅಂದುಕೊಳ್ಳಿ. ಒಂದೂ ವಕ್ರವಾಗದ 120 ಜೀರುಂಡೆ ಆಗಬೇಕು, ಗಿರಾಕಿಗೆ ಒಂದರಂತೆ ಮರದ ಪೆಟ್ಟಿಗೆಯಲ್ಲಿ. ಮೂರು ತಿಂಗಳು ಇದೇ. ಕೆಲಸ ಮಾಡುವಾಗ ಮಾತಾಡುವಂತಿಲ್ಲ, ನಗುವಂತೂ ಕೂಡದು ಅಂತ ಮೇಲಿನವನ ಆಜ್ಞೆ. ನಮ್ಮಲ್ಲಿ ಎಲ್ಲರಿಗೂ ಹೀಗೆ ಅನುಭವವಾಗಬೇಕು ಅಂತ ನಾವು ಬಯಸಿದ್ದಲ್ಲ ಎಂಬ ಅರ್ಥದ ಉತ್ತರ ನೋಮಾ ಕಡೆಯಿಂದ ಬಂತು. ರೆಡ್ಜೆಪಿಯೇ 2015ರಲ್ಲಿ ಒಂದು ಲೇಖನ ಬರೆದು, ಕಿಚನ್ನಿನಲ್ಲಿ ತಾನು ಕೂಗಾಡಿದ್ದು, ಹುಡುಗರನ್ನು ತಳ್ಳಿದ್ದು ಒಪ್ಪಿಕೊಂಡಿದ್ದರು.

ಬೈಗುಳಕ್ಕಿಂತ ನನಗೆ ಹೆಚ್ಚು ಕಾಡಿದ್ದು ಆ ಜೀರುಂಡೆ. ಬೈಗುಳ ತಿಂದರೂ ಸಾಂಬಾರ್ ಕಲಿತರೆ, ಒಲೆ ಹತ್ತಿರ ನಿಲ್ಲಲು ಕಲಿತರೆ ಏನೋ ಒಂದು ಕೈಗೆ ಹತ್ತಿತು ಅನ್ನಬಹುದು. ಸಂಬಳಕ್ಕೆ ಬದಲು ವಿದ್ಯೆ ಕೊಡುತ್ತೇವೆ ಅಂತ ಕರೆದು, ಮೂರು ತಿಂಗಳು ಒಂದೇ ಹುಳು ಮಾಡಿಸಿದರೆ ವಿದ್ಯೆಯೂ ಇಲ್ಲ, ಸಂಬಳವೂ ಇಲ್ಲ. ಅದು ಮೆಷಿನ್ ಕೆಲಸ. ಮೆಷಿನಿಗಾದರೆ ಮಾಲೀಕ ದುಡ್ಡು ಕೊಟ್ಟು ತರಬೇಕು, ಎಣ್ಣೆ ಹಾಕಬೇಕು.

2022ರಲ್ಲಿ ಕೋಪನ್‌ಹೇಗನ್ನಿನ ದೊಡ್ಡ ಕಿಚನ್ನುಗಳ ಈ ದುಡಿಮೆಯ ಬಗ್ಗೆ ಪತ್ರಿಕೆಗಳು ಬರೆದವು. ಅದೇ ಅಕ್ಟೋಬರಿನಿಂದ ನೋಮಾ ಇಂಟರ್ನ್‌ಗಳಿಗೆ ಸಂಬಳ ಕೊಡಲು ಶುರು ಮಾಡಿತು. ಅದರಿಂದ ತಿಂಗಳಿಗೆ ಹೆಚ್ಚಿದ ಖರ್ಚು ಕಮ್ಮಿ ಎಂದರೂ 50,000 ಡಾಲರ್. ಮೂರು ತಿಂಗಳಾಗುವಷ್ಟರಲ್ಲಿ ಬಾಗಿಲು ಹಾಕುವ ಘೋಷಣೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಊಟಕ್ಕೆ 500 ಡಾಲರ್. 50,000 ಅಂದರೆ ನೂರು ಊಟ. ತಿಂಗಳಿಗೆ ನೂರು ಊಟದ ದುಡ್ಡು, ಅಷ್ಟೇ. ಜಗತ್ತಿನ ಒಂದನೇ ಹೋಟೆಲಿಗೆ ಅದು ಭಾರವಾಯಿತು ಅಂದರೆ, ಮೊದಲಿನ ಇಪ್ಪತ್ತು ವರ್ಷ ಆ ಭಾರವನ್ನು ಯಾರು ಹೊತ್ತಿದ್ದರು? ಜೀರುಂಡೆ ಜೋಡಿಸಿದ ಹುಡುಗಿಯ ಮನೆಯವರು. ಗ್ರಾಹಕ ತಾನು ಪೂರ್ತಿ ಬಿಲ್ ಕೊಟ್ಟೆ ಅಂದುಕೊಂಡು ಎದ್ದು ಹೋಗುತ್ತಿದ್ದ. ಒಂದು ಪಾಲು ಬಿಲ್ ಎಲ್ಲೋ ಭಾರತದಲ್ಲಿ, ಮೆಕ್ಸಿಕೋದಲ್ಲಿ ಯಾವುದೋ ಅಪ್ಪ ಕಟ್ಟುತ್ತಿದ್ದ.

ಹಾಗಂತ ಸಂಬಳ ಕೊಟ್ಟದ್ದರಿಂದಲೇ ನೋಮಾ ಮುಳುಗಿತು ಅಂದರೆ ಅದೂ ಸರಿಯಲ್ಲ. ಮಾಲೀಕರಿಗೆ ಅದು ಬಹಳ ಅನುಕೂಲದ ಮಾತು: ‘ನೋಡಿ, ಸಂಬಳ ಕೇಳಿದಿರಿ, ಹೋಟೆಲ್ ಹೋಯಿತು.’ ಸ್ಟೋರಿನ ಲೆಕ್ಕ ಬರೆದು ಗೊತ್ತಿರುವವನಾಗಿ ಹೇಳುತ್ತೇನೆ, ಸಾಮಾನ್ಯ ಹೋಟೆಲಿನಲ್ಲಿ ಬಂದ ನೂರು ರೂಪಾಯಿಯಲ್ಲಿ ಸಾಮಾನಿಗೆ ಮೂವತ್ತರ ಆಸುಪಾಸು, ಸಂಬಳಕ್ಕೆ ಅಷ್ಟೇ, ಉಳಿದದ್ದರಲ್ಲಿ ಬಾಡಿಗೆ, ಕರೆಂಟು, ತೆರಿಗೆ. ಕೊನೆಗೆ ಮಾಲೀಕನಿಗೆ ಐದೋ ಎಂಟೋ ಉಳಿದರೆ ಪುಣ್ಯ. ನೋಮಾ ಇದರ ಮೇಲೆ ಇನ್ನಷ್ಟು ಹೊರೆ ಹೇರಿಕೊಂಡಿತ್ತು. ವರ್ಷಕ್ಕೆ ಮೂರು ಬೇರೆ ಬೇರೆ ಮೆನು: ಮೊದಲು ಸಮುದ್ರದ್ದು, ಬೇಸಿಗೆಯಲ್ಲಿ ತರಕಾರಿ, ಶರತ್ಕಾಲಕ್ಕೆ ಕಾಡಿನದ್ದು. ಪ್ರತಿಸಲವೂ ಹಳೆಯದನ್ನು ಪೂರ್ತಿ ಬಿಟ್ಟು ಹೊಸದಾಗಿ ಶುರು. ನಮ್ಮ ಮಸಾಲೆದೋಸೆ ಎಪ್ಪತ್ತು ವರ್ಷವಾದರೂ ಅದೇ ಹಂಚಿನಲ್ಲಿ ದುಡಿದು ಕೊಡುತ್ತದೆ. ಅಲ್ಲಿ ಒಂದು ತಿನಿಸಿನ ಆಯಸ್ಸು ಮೂರು ನಾಲ್ಕು ತಿಂಗಳು. ಕಿಚನ್ ದೊಡ್ಡದಾಗುತ್ತ ಹೋಯಿತು, ಕುರ್ಚಿಗಳ ಸಂಖ್ಯೆ ಹಾಗೆ ಬೆಳೆಯಲಿಲ್ಲ. ಎಲ್ ಬುಯಿಯೂ ಹೀಗೇ. ಲಕ್ಷಾಂತರ ಜನ ಟೇಬಲ್ ಕೇಳಿದರೂ ಹೋಟೆಲ್ ನಷ್ಟದಲ್ಲೇ ಇತ್ತು, 2011ರ ಜುಲೈಯಲ್ಲಿ ಮುಚ್ಚಿದರು.

ಇದ್ದ ಕುರ್ಚಿಗೂ ಕುತ್ತು ಬಂದದ್ದುಂಟು. 2013ರ ಫೆಬ್ರವರಿಯಲ್ಲಿ ನೋಮಾದಲ್ಲಿ ಉಂಡ 63 ಮಂದಿ ವಾಂತಿ ಭೇದಿಯಿಂದ ಮಲಗಿದರು. ತಪಾಸಣೆಯವರು ಬಂದು ನೋಡಿದರೆ ಕೆಲಸಗಾರರು ಕೈ ತೊಳೆಯುವ ನಲ್ಲಿಯಲ್ಲಿ ಬಿಸಿನೀರಿಲ್ಲ. ಎರಡು ನಕ್ಷತ್ರದ ಹೋಟೆಲ್!

2020ರಲ್ಲಿ ಕೊರೊನಾ ಬಂದಾಗ ಮೇ ತಿಂಗಳಲ್ಲಿ ನೋಮಾ ತನ್ನ ಅಂಗಳದಲ್ಲಿ ಬರ್ಗರ್ ಮಾರಿತು. ಬುಕಿಂಗ್ ಇಲ್ಲ, ಯಾರು ಬೇಕಾದರೂ ಬಂದು ಸಾಲಿನಲ್ಲಿ ನಿಲ್ಲಬಹುದು. ಊರಿನ ಜನ ಮುಗಿಬಿದ್ದರು. ತಮ್ಮ ಊರಿನ ಹೆಸರನ್ನು ಜಗತ್ತಿಗೆ ಸಾರಿದ ಹೋಟೆಲಿನ ಒಳಗೆ ಎಷ್ಟೋ ಊರಿನವರು ಕಾಲಿಟ್ಟದ್ದು ಆವಾಗಲೇ ಇರಬೇಕು. ಆ ಬರ್ಗರ್ ಅಂಗಡಿಯನ್ನು ಬೇರೆ ಹೆಸರಿನಲ್ಲಿ ಮುಂದುವರಿಸಿದರು. ಈಗಿನ ಅವರ ಯೋಜನೆಯೂ ಬಾಟಲಿಯಲ್ಲಿ ತುಂಬಿದ ಸಾಸು, ಹುದುಗಿಸಿದ ರಸ ಇಂಥದ್ದನ್ನು ಮಾರುವುದು. ಉಪ್ಪಿನಕಾಯಿ ವ್ಯಾಪಾರ ಅನ್ನಿ. ಅದರಲ್ಲಿ ಲಾಭ ಬರುತ್ತದೆ ಅಂತಲೇ ನನ್ನ ಅಂದಾಜು.

ಇಷ್ಟನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮಲ್ಲೇ ಕೆಲವರ ಮಕ್ಕಳು ಮಂಗಳೂರು, ಮಣಿಪಾಲ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾರೆ. ‘ಅಣ್ಣಾ, ಮಗನಿಗೆ ಯುರೋಪಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಸಂಬಳ ಇಲ್ಲವಂತೆ, ದೊಡ್ಡ ಹೆಸರಂತೆ, ಮೂರು ನಾಲ್ಕು ಲಕ್ಷ ಸಾಲ ಮಾಡಿ ಕಳಿಸಲಾ?’ ಅಂತ ಈ ವರ್ಷವೇ ಇಬ್ಬರು ಕೇಳಿದರು. ಕಳಿಸಬೇಡಿ ಅಂತ ನಾನು ಹೇಳಲಿಲ್ಲ. ನಾವೇ ಸಾಲ ಮಾಡಿ ವಿಮಾನ ಹತ್ತಿ ಬಂದವರು, ಮಕ್ಕಳಿಗೆ ಯಾವ ಬಾಯಲ್ಲಿ ಹೇಳುವುದು? ಆದರೆ ಕಾಗದದಲ್ಲಿ ಬರೆಸಿಕೊಳ್ಳಬೇಕಾದ್ದು ಕೆಲವು ಇವೆ. ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ. ಮಲಗಲು ಜಾಗ ಯಾರದು. ಕೈ ಸುಟ್ಟುಕೊಂಡರೆ ಆಸ್ಪತ್ರೆ ಖರ್ಚು ಯಾರದು. ಮೂರು ತಿಂಗಳಲ್ಲಿ ಎಷ್ಟು ಸೆಕ್ಷನ್ ತೋರಿಸುತ್ತೀರಿ, ಒಲೆಯ ಹತ್ತಿರ ಬಿಡುತ್ತೀರೋ ಇಲ್ಲವೋ. ಹೋಗಿ ಬಂದ ಹುಡುಗರು ಇನ್‌ಸ್ಟಾಗ್ರಾಮಿನಲ್ಲಿ ಸಿಗುತ್ತಾರೆ, ಅವರನ್ನು ಕೇಳಿದರೆ ನಿಜ ಹೇಳುತ್ತಾರೆ. ನೋಮಾವೇ ಕೊನೆಗೆ ಸಂಬಳ ಕೊಟ್ಟ ಮೇಲೆ, ನಾವು ಕೊಡುವುದಿಲ್ಲ ಅನ್ನುವ ಹೋಟೆಲಿನವರನ್ನು ಯಾಕೆ ಅಂತ ಕೇಳುವುದರಲ್ಲಿ ಮರ್ಯಾದೆಗೇಡು ಏನೂ ಇಲ್ಲ.

ಇಂಥ ಪತ್ರ ಯಾರ ಮಕ್ಕಳಿಗಾದರೂ ಬಂದಿದ್ದರೆ ಸಹಿ ಹಾಕುವ ಮೊದಲು ನನಗೆ ವಾಟ್ಸಾಪ್ ಮಾಡಿ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಇಲ್ಲೇ ಒಂದು ಶುಕ್ರವಾರ ಒಟ್ಟಿಗೆ ಕೂತು ಓದೋಣ. ಲೇಬರ್ ಕಾನೂನು ಗೊತ್ತಿರುವ ಇಬ್ಬರು ನಮ್ಮ ವೇದಿಕೆಯಲ್ಲೇ ಇದ್ದಾರೆ, ಅವರನ್ನೂ ಬರಲು ಒಪ್ಪಿಸಿದ್ದೇನೆ.